ಮಾಡು ನೋಡಿ ಲೆನ್ಸ್: ಮದುವೆ ಫೋಟೋಗೆ ಪ್ರೈಮೋ, ಜೂಮೋ?

ಮದುವೆಗೆ ಫೋಟೋ ತೆಗೆಯಬೇಕೆಂದು ಫೋನ್ ಬಂದರೆ, ದಿನಾಂಕ ಬರೆದುಕೊಂಡ ಕೂಡಲೇ ನಾನು ಕೇಳುವುದು, "ಮನೆಯಲ್ಲೋ, ಹಾಲ್‌ನಲ್ಲೋ?" ಮನೆಯಲ್ಲೇ ಅಂದರೆ ಇನ್ನೊಂದು ಪ್ರಶ್ನೆ: "ಚಪ್ಪರ ಎಂಥದ್ದು? ಶೀಟೋ, ಬಟ್ಟೆಯೋ, ತೆಂಗಿನ ಮಡಲೋ?" ಆಚೆ ಕಡೆಯವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ರೇಟು ಏರಿಸಲು ದಾರಿ ಹುಡುಕುತ್ತಿದ್ದಾನೆ ಅಂದುಕೊಳ್ಳುತ್ತಾರೋ ಏನೋ. ಬ್ಯಾಗಿಗೆ ಯಾವ ಲೆನ್ಸ್ ಹಾಕುವುದು ಎಂಬುದಷ್ಟೇ ನನ್ನ ಯೋಚನೆ.

ಕಾಸರಗೋಡಿನ ನಮ್ಮ ಈ ಕಡೆ ಒಂದೇ ವಾರದಲ್ಲಿ ನೀರ್ಚಾಲಿನ ಹಂಚಿನ ಮನೆಯಲ್ಲಿ ಹವ್ಯಕರ ಮದುವೆ, ಕಾಸರಗೋಡು ಪೇಟೆಯ ಎ.ಸಿ. ಹಾಲ್‌ನಲ್ಲಿ ರಾತ್ರಿಯ ಮಾಪಿಳ್ಳೆ (ಮುಸ್ಲಿಮರ) ಮದುವೆ, ಬೇಳದ ಇಗರ್ಜಿಯಲ್ಲಿ (ಚರ್ಚ್) ಇನ್ನೊಂದು, ಬೇಕಲದ ಸಮುದ್ರದ ಬದಿಯಲ್ಲಿ ಮತ್ತೊಂದು ಎಂದು ಬರುವುದುಂಟು. ಫೋಟೋಕ್ಕೆ ನಿಂತವರನ್ನು ನಗಿಸಲು ಒಂದು ಕಡೆ "ನೆಗೆ ಮಾಡಿ", ಇನ್ನೊಂದು ಕಡೆ "ತೆಲಿಪುಲೆ", ಮತ್ತೊಂದು ಕಡೆ "ಚಿರಿಕ್ಕೂ" ಅನ್ನಬೇಕು. ಭಾಷೆ ಬದಲಾದಷ್ಟೇ ಬೇಗ ಬೆಳಕೂ ಬದಲಾಗುತ್ತದೆ. ಹೀಗಿರುವಾಗ ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು "ಅಣ್ಣಾ, ಪ್ರೈಮ್ ತಗೊಳ್ಳುವುದೋ, ಜೂಮೋ?" ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ತಲೆಯ ಮೇಲೆ ಎಂಥ ಮಾಡು, ಅಂದರೆ ಚಾವಣಿ, ಉಂಟು, ಕಾಲಿಗೆ ಎಷ್ಟು ಜಾಗ ಉಂಟು ಎಂದು ನಾನು ತಿರುಗಿ ಕೇಳುತ್ತೇನೆ.

ಪ್ರೈಮ್ ಲೆನ್ಸ್‌ಗೆ ಇರುವುದು ಒಂದೇ ಫೋಕಲ್ ಲೆಂಗ್ತ್, ಅಂದರೆ ಲೆನ್ಸ್ ಎಷ್ಟು ಅಗಲ ನೋಡುತ್ತದೆ ಎಂದು ಹೇಳುವ ಮಿ.ಮೀ. ಅಳತೆ. 35 ಅಂದರೆ 35, 85 ಅಂದರೆ 85. ಮುಖ ದೊಡ್ಡದಾಗಿ ಬೇಕಿದ್ದರೆ ನೀವೇ ಹತ್ತಿರ ಹೋಗಬೇಕು, ಇನ್ನೂ ನಾಲ್ಕು ಜನ ಹಿಡಿಸಬೇಕಿದ್ದರೆ ನೀವೇ ಹಿಂದೆ ಸರಿಯಬೇಕು. ಜೂಮ್‌ನಲ್ಲಿ ಆ ಕೆಲಸವನ್ನು ಲೆನ್ಸಿನ ರಿಂಗ್ ಮಾಡುತ್ತದೆ. ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿಯಷ್ಟು ಅಗಲ ನೋಡುತ್ತದೆ, 50 ಸುಮಾರು 47 ಡಿಗ್ರಿ, 200 ಬರೀ 12. ಅಂದರೆ 24-70 ಮತ್ತು 70-200 ಎಂಬ ಎರಡು ಜೂಮ್ ಇದ್ದರೆ ಮದುವೆಗೆ ಬೇಕಾದ ನೋಟವೆಲ್ಲ ಬಂತು. ಮತ್ತೆ ಪ್ರೈಮ್ ಯಾಕೆ?

ಬೆಳಕಿಗಾಗಿ. ಹಿನ್ನೆಲೆ ಮಸುಕಾಗಿ ಚಂದ ಕಾಣುತ್ತದೆ ಎಂಬುದು ಆಮೇಲಿನ ಮಾತು.

ಲೆನ್ಸಿನ ಮೇಲೆ ಬರೆದಿರುವ ಎಫ್ ನಂಬರ್ ಒಂದು ಭಾಗಾಕಾರ: ಫೋಕಲ್ ಲೆಂಗ್ತನ್ನು ಬೆಳಕು ಒಳಬರುವ ಕಿಂಡಿಯ ಅಗಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ. 50 ಮಿ.ಮೀ. ಎಫ್ 1.8 ಅಂದರೆ ಕಿಂಡಿ ಸುಮಾರು 28 ಮಿ.ಮೀ. ಅಗಲ. ಭಾಗಿಸಿದ ಸಂಖ್ಯೆಯಾದ್ದರಿಂದ ನಂಬರ್ ಇಳಿದಷ್ಟೂ ಕಿಂಡಿ ದೊಡ್ಡದು. ಒಳಗೆ ಬರುವ ಬೆಳಕು ಕಿಂಡಿಯ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ ಎಫ್ 2.8ರಿಂದ ಎಫ್ 2ಕ್ಕೆ ಹೋದರೆ ಬೆಳಕು ಎರಡು ಪಟ್ಟು, ಎಫ್ 1.4ಕ್ಕೆ ಹೋದರೆ ನಾಲ್ಕು ಪಟ್ಟು. ಕ್ಯಾಮೆರಾ ಜತೆ ಬರುವ 18-55 ಕಿಟ್ ಲೆನ್ಸ್ 55ಕ್ಕೆ ತಿರುಗಿಸುವಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಅದರ ಎದುರು ಸಾಧಾರಣ 50 ಎಫ್ 1.8 ಲೆನ್ಸ್ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಕಿಟ್ ಲೆನ್ಸಿನಲ್ಲಿ ಕಲಿತವನಿಗೆ ಮೊದಲ ಪ್ರೈಮ್ ಕೈಗೆ ಬಂದ ದಿನ ನಿದ್ದೆ ಬಾರದೇ ಇರುವುದು ಇದಕ್ಕೇ.

ಹಾಗಾದರೆ ಜೂಮ್ ಲೆನ್ಸನ್ನೇ ಎಫ್ 1.4 ಮಾಡಿಬಿಡಬಹುದಲ್ಲ? ಅದೇ ಭಾಗಾಕಾರ ಹಾಕಿ ನೋಡಿ. 70-200 ಎಫ್ 2.8 ಲೆನ್ಸಿಗೆ 200ರ ತುದಿಯಲ್ಲಿ ಸುಮಾರು 71 ಮಿ.ಮೀ. ಕಿಂಡಿ ಬೇಕು. ಎಫ್ 1.4 ಮಾಡಹೊರಟರೆ 143 ಮಿ.ಮೀ., ಅಂದರೆ ಸಣ್ಣ ಹಾಳೆತಟ್ಟೆಯಷ್ಟು ಅಗಲದ ಗಾಜು! ಈಗ ಇರುವುದೇ ಭಾರ ಸಾಲದೇ? ಕ್ಯಾನನ್‌ನ 50 ಎಫ್ 1.8 ಎಸ್‌ಟಿಎಂ ಒಳಗೆ ಇರುವುದು ಆರು ಗಾಜು, ತೂಕ 160 ಗ್ರಾಂ. ಅದೇ ಕಂಪನಿಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲದ 70-200 ಎಫ್ 2.8 ಮೂರನೆಯ ಆವೃತ್ತಿಯಲ್ಲಿ 23 ಗಾಜು, ತೂಕ 1,480 ಗ್ರಾಂ. ಆ ಕನ್ನಡಿ ಇಲ್ಲದ ಮಿರರ್‌ಲೆಸ್ ಬಂದ ಮೇಲೆ ಈ ತೂಕ ಇಳಿದಿದೆ. ಸೋನಿಯ 70-200 ಎಫ್ 2.8 ಜಿಎಂ ಎರಡನೆಯ ಆವೃತ್ತಿ 1,045 ಗ್ರಾಂ. ಇಳಿದರೂ ಬೆಳಿಗ್ಗೆ ಐದರಿಂದ ಸಂಜೆವರೆಗೆ ಹೆಗಲಿಗೆ ಒಂದು ಕಿಲೋ ತೂಗುಹಾಕಿಕೊಂಡವನಿಗೆ ಮಾತ್ರ ಅದರ ರುಚಿ ಗೊತ್ತು.

ಮಾಡಿನ ಲೆಕ್ಕ

ಪೇಟೆಯ ಹಾಲ್‌ನಿಂದ ಸುರು ಮಾಡುತ್ತೇನೆ, ಯಾಕೆಂದರೆ ಅದು ಸುಲಭ. ಮೇಲೆ ಬಿಳಿ ಸೀಲಿಂಗ್ ಇದ್ದರೆ ಫ್ಲಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಹೊಡೆದರೆ ಆಯಿತು. ಸೀಲಿಂಗೇ ಒಂದು ದೊಡ್ಡ ದೀಪವಾಗಿ ಮೆತ್ತಗಿನ ಬೆಳಕು ಕೆಳಗಿಳಿಯುತ್ತದೆ. ಎಫ್ 4, ಎಫ್ 5.6 ಏನಿದ್ದರೂ ನಡೆಯುತ್ತದೆ. ಅಲ್ಲಿ ಎಫ್ 1.4 ಲೆನ್ಸಿಗೆ ಸುರಿದ ಹಣ ಸುಮ್ಮನೆ ಬ್ಯಾಗಿನಲ್ಲಿ ಮಲಗಿರುತ್ತದೆ. ಊಟಕ್ಕೆ ಮುಂಚೆ ನೆಂಟರು ಸಾಲುಗಟ್ಟಿ ವೇದಿಕೆ ಹತ್ತುವಾಗಲಂತೂ 24-70 ಒಂದೇ ದಾರಿ. ಒಬ್ಬರೇ ಬರುತ್ತಾರೆ, ಹಿಂದಿನಿಂದಲೇ ಹದಿನಾಲ್ಕು ಜನರ ಕುಟುಂಬ ಬರುತ್ತದೆ, ನಡುವೆ ನಿಮಗೆ ಸಿಗುವುದು ಐದು ಸೆಕೆಂಡ್. ಆ ಹೊತ್ತಿನಲ್ಲಿ ಪ್ರೈಮ್ ಹಿಡಿದು ಕಲೆ ತೋರಿಸಲು ಹೋದರೆ ಮದುಮಗನ ಸೋದರಮಾವನ ಬಾಯಿಯಿಂದ ಕೇಳಬೇಕಾದ್ದು ಕೇಳಿಯೇ ಇಳಿಯಬೇಕು. ಒಂದು ಎಚ್ಚರಿಕೆ: ಈಗಿನ ಹಾಲ್‌ಗಳಲ್ಲಿ ಸೀಲಿಂಗಿಗೆ ಬಂಗಾರದ ಬಣ್ಣ, ಮರದ ಬಣ್ಣ ಬಳಿಯುವ ಚಾಳಿ ಬಂದಿದೆ. ಅದಕ್ಕೆ ಫ್ಲಾಶ್ ಹೊಡೆದರೆ ಎಲ್ಲರ ಮುಖಕ್ಕೂ ಅರಿಶಿನ.

ಹಂಚಿನ ಮನೆಯ ಚಾವಡಿಯಲ್ಲಿ ಈ ಉಪಾಯ ಸತ್ತುಹೋಗುತ್ತದೆ. ಮೇಲೆ ಹೊಗೆ ಹಿಡಿದು ಕಪ್ಪಾದ ಪಕ್ಕಾಸು (ಮಾಡಿನ ಮರದ ಪಟ್ಟಿ), ಅದರ ಮೇಲೆ ಕೆಂಪು ಹಂಚು. ಎಷ್ಟು ಫ್ಲಾಶ್ ಹೊಡೆದರೂ ಮಾಡು ನುಂಗಿ ಕೂತುಬಿಡುತ್ತದೆ. ಮುಖಕ್ಕೆ ನೇರ ಹೊಡೆದರೆ ಹಿಂದಿನ ಗೋಡೆಯ ಮೇಲೆ ಕರಿ ನೆರಳು, ಹಣೆಯ ಮೇಲೆ ಬಿಳಿ ಚುಕ್ಕೆ. ಇಲ್ಲಿ ಇರುವ ಬೆಳಕು ಎರಡೇ: ಬಾಗಿಲಿನಿಂದ ಬರುವ ಹಗಲು ಮತ್ತು ದೇವರ ಕೋಣೆಯ ದೀಪ. ಬೆಳಗ್ಗಿನ ಹೊತ್ತು ದೇವರ ಮುಂದೆ ಕೂತ ಮದುಮಗಳನ್ನು ಎಫ್ 2.8 ಜೂಮ್‌ನಲ್ಲಿ ಸೆಕೆಂಡಿನ 125ನೇ ಒಂದು ಭಾಗದ ಶಟರ್‌ನಲ್ಲಿ ತೆಗೆಯಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆ, ಏರಿಸಿದಷ್ಟೂ ಚಿತ್ರ ಕಾಳುಕಾಳು) 6400 ಬೇಕಾಗುತ್ತದೆ ಅಂತಿಟ್ಟುಕೊಳ್ಳಿ. ಅದೇ ಜಾಗದಲ್ಲಿ 35 ಎಫ್ 1.4 ಪ್ರೈಮ್ ಇದ್ದರೆ ಐಎಸ್‌ಒ 1600 ಸಾಕು. ವ್ಯತ್ಯಾಸ ಮೊಬೈಲಿನಲ್ಲಿ ಕಾಣುವುದಿಲ್ಲ. ಆಲ್ಬಮ್ಮಿನ ಎರಡು ಪುಟಕ್ಕೆ ಹರಡಿ ಪ್ರಿಂಟ್ ಮಾಡಿದಾಗ ಕೆಂಪು ಪಟ್ಟೆಸೀರೆಯ ಜರಿ ಜರಿಯಾಗಿ ಕಾಣುತ್ತದೋ, ಮರಳು ಚೆಲ್ಲಿದಂತೆ ಕಾಣುತ್ತದೋ ಎಂಬಲ್ಲಿ ಗೊತ್ತಾಗುತ್ತದೆ.

ಲೆನ್ಸಿನೊಳಗೇ ಕೈನಡುಕ ತಡೆಯುವ ವ್ಯವಸ್ಥೆ ಉಂಟಲ್ಲ, ಶಟರ್ ನಿಧಾನ ಮಾಡಿದರಾಯಿತು ಎನ್ನುವವರಿದ್ದಾರೆ. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು. ಮಾಂಗಲ್ಯ ಕಟ್ಟುವ ಮದುಮಗನ ಕೈ ನಡುಗಿದರೆ ಯಾವ ಲೆನ್ಸೂ ಏನೂ ಮಾಡಲಾರದು.

ಇನ್ನು ಚಪ್ಪರ. ಮನೆ ಅಂದ ಕೂಡಲೇ ಕತ್ತಲು ಎಂದು ತಿಳಿದು ಪ್ರೈಮ್ ತುಂಬಿಕೊಂಡು ಹೋಗುವುದೂ ತಪ್ಪೇ. ಅಂಗಳದ ಚಪ್ಪರಕ್ಕೆ ಮೂರು ಬದಿಯಿಂದ ಬೆಳಕು ಬರುತ್ತದೆ. ಹಗಲಿನ ಮುಹೂರ್ತವಾದರೆ ಎಫ್ 2.8ರಲ್ಲಿ ಧಾರಾಳ. ಅಲ್ಲಿ ತೊಂದರೆ ಕೊಡುವುದು ಬಣ್ಣ. ಹಸಿರು ನೆಟ್ ಕಟ್ಟಿದ್ದರೆ ಹಸಿರು ಮುಖ, ನೀಲಿ ಟರ್ಪಾಲು ಕಟ್ಟಿದ್ದರೆ ನೀಲಿ ಮುಖ. ಇದಕ್ಕೆ ಪ್ರೈಮೂ ಮದ್ದಲ್ಲ, ಜೂಮೂ ಮದ್ದಲ್ಲ. ಮನೆಯವರ ಹತ್ತಿರ ಮೊದಲೇ ಹೇಳಿ ಮಂಟಪದ ಮೇಲಿನಷ್ಟು ಜಾಗಕ್ಕಾದರೂ ಬಿಳಿ ಬಟ್ಟೆ ಕಟ್ಟಿಸಿಕೊಳ್ಳುವುದೇ ಮದ್ದು. ಯಾವ ಲೆನ್ಸಿಗಿಂತಲೂ ಇದು ಅಗ್ಗ. ಮಡಲಿನ ಚಪ್ಪರ ಈಗ ಅಪರೂಪ. ಸಿಕ್ಕಿದರೆ ಚಂದ, ಆದರೆ ಗರಿಯ ಸಂದಿನಿಂದ ಇಳಿಯುವ ಬಿಸಿಲಿನ ತುಂಡುಗಳು ಮದುಮಗಳ ಮೂಗಿನ ಮೇಲೇ ಬಂದು ಕೂರುತ್ತವೆ.

ಕಾಲಿನ ಲೆಕ್ಕ

ಪ್ರೈಮ್ ಇದ್ದರೆ ಕಾಲಿನಲ್ಲೇ ಜೂಮ್ ಮಾಡಿದರಾಯಿತು ಎಂಬ ಮಾತು ನಮ್ಮವರ ಬಾಯಲ್ಲಿ ಉಂಟು. ಬೇಕಲದ ಮರಳಿನಲ್ಲಿ ಗಂಡುಹೆಣ್ಣು ಇಬ್ಬರೇ ನಿಂತಾಗ ಅದು ನಿಜ. ಮಂಟಪದ ಎದುರು ನಿಜವಲ್ಲ. ಧಾರೆಯ ಹೊತ್ತಿಗೆ ನಿಮ್ಮ ಎದುರು ಪುರೋಹಿತರು, ಬಲಕ್ಕೆ ವಿಡಿಯೋದವರ ಟ್ರೈಪಾಡ್, ಎಡಕ್ಕೆ ಮಂಟಪದ ಕಂಬ, ಹಿಂದೆ ಅಕ್ಷತೆ ಹಿಡಿದ ನೂರು ಜನ. ಪ್ಲಾಸ್ಟಿಕ್ ಕುರ್ಚಿ ಹತ್ತಿ ನಿಂತರೆ ಅಲ್ಲಿಂದ ಇಳಿಯುವಂತಿಲ್ಲ. ಆ ಒಂದೇ ಜಾಗದಿಂದ ಎರೆಯುವ ನೀರೂ ಬೇಕು, ಅಮ್ಮನ ಕಣ್ಣೀರೂ ಬೇಕು, ಮಂಟಪ ಪೂರ್ತಿಯೂ ಬೇಕು.

ನಾನು ಇದನ್ನು ಕಲಿತದ್ದು ಕುಂಬಳೆ ಹತ್ತಿರದ ಒಂದು ಮನೆಯಲ್ಲಿ. ಆಗ ಹೊಸ ಪ್ರೈಮ್‌ಗಳ ಹುಚ್ಚು, ಇದ್ದದ್ದು ಒಂದೇ ಕ್ಯಾಮೆರಾ ಬಾಡಿ. ಮದುಮಗಳ ಮುಖಕ್ಕೆ 85 ಹಾಕಿದ್ದೆ, ಅಂತರಪಟ ಸರಿಯುವ ಮೊದಲು ಇಬ್ಬರನ್ನೂ ಹಿಡಿಯಲು 35 ಹಾಕಬೇಕಿತ್ತು. ಪುರೋಹಿತರು ಮಂಗಳಾಷ್ಟಕವನ್ನು ಸಾವಕಾಶ ಹೇಳುತ್ತಾರೆ ಎಂಬ ನನ್ನ ಎಣಿಕೆ ತಪ್ಪಿತು. ನಾನು ಲೆನ್ಸ್ ತಿರುಗಿಸಿ 'ಟಕ್' ಅನ್ನಿಸುವುದಕ್ಕೂ ಅಂತರಪಟ ಕೆಳಗೆ ಬರುವುದಕ್ಕೂ ಸರಿಹೋಯಿತು. ಕಣ್ಣು ಎತ್ತುವಾಗ ಅಕ್ಷತೆ ನೆಲದ ಮೇಲಿತ್ತು. ಅವರ ಆಲ್ಬಮ್ಮಿನ ಆ ಪುಟದಲ್ಲಿ ಇರುವುದು ವಿಡಿಯೋದಿಂದ ಕತ್ತರಿಸಿ ತೆಗೆದ ಚಿತ್ರ. ಅದರ ನಂತರ ಪ್ರೈಮ್ ಹಾಕುವುದಿದ್ದರೆ ಎರಡು ಬಾಡಿ ಎಂದು ನಿಯಮ ಮಾಡಿಕೊಂಡೆ. ಒಂದರಲ್ಲಿ 35, ಇನ್ನೊಂದರಲ್ಲಿ 85. ಒಂದೇ ಬಾಡಿ ಇರುವವನು ಮುಹೂರ್ತಕ್ಕೆ ಜೂಮ್ ಹಾಕುವುದೇ ಕ್ಷೇಮ.

ಇಗರ್ಜಿಯಲ್ಲಿ ಕಾಲಿಗೆ ಇನ್ನೂ ಬಿಗಿ. ಬೇಳದ ಇಗರ್ಜಿ 1890ರಲ್ಲಿ ಗೋಥಿಕ್ ಶೈಲಿಯಲ್ಲಿ ಕಟ್ಟಿದ್ದು. ಅಂಥ ಎತ್ತರದ ಮಾಡಿಗೆ ಹೊಡೆದ ಫ್ಲಾಶ್ ತಿರುಗಿ ಬರುವುದು ಕಷ್ಟ. ಪೂಜೆಯ ನಡುವೆ ಪಾದ್ರಿಗಳ ಮುಂದೆ ಓಡಾಡುವುದು ಮರ್ಯಾದೆಯೂ ಅಲ್ಲ. ಅಲ್ಲಿ ಬದಿಯಲ್ಲೊಂದು ಕಡೆ ನಿಂತು 70-200 ಎಫ್ 2.8 ಹಿಡಿಯುತ್ತೇನೆ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸುತ್ತೇನೆ. ಉಂಗುರ ತೊಡಿಸುವ ಕೈಯನ್ನು ತುಸು ಕಾಳುಕಾಳಾಗಿಯಾದರೂ ಹತ್ತಿರದಿಂದ ತೋರಿಸುವ ಫೋಟೋವನ್ನು ಮನೆಯವರು ಮೆಚ್ಚುತ್ತಾರೆ. ಅದೇ ಕೈ ನುಣ್ಣಗೆ, ಆದರೆ ಕಡಲೆಕಾಳಿನಷ್ಟು ಸಣ್ಣದಾಗಿ ಬಂದರೆ ಯಾರಿಗೂ ಬೇಡ.

ಗುಂಪು ಫೋಟೋಗೆ ಒಂದು ಸುಲಭ ಲೆಕ್ಕ ಉಂಟು, ಬಾಯಿಪಾಠ ಮಾಡಿಟ್ಟುಕೊಳ್ಳಿ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ. ಜನ ನಿಂತ ಸಾಲಿನ ಅಗಲವನ್ನು ಫೋಕಲ್ ಲೆಂಗ್ತ್‌ನಿಂದ ಗುಣಿಸಿ 36ರಿಂದ ಭಾಗಿಸಿದರೆ ನೀವು ಎಷ್ಟು ದೂರ ನಿಲ್ಲಬೇಕೆಂದು ಸಿಗುತ್ತದೆ. ಹನ್ನೆರಡು ಜನ ಹೆಗಲಿಗೆ ಹೆಗಲು ತಾಗಿಸಿ ನಿಂತರೆ ಆರು ಮೀಟರ್ ಅಂತಿಟ್ಟುಕೊಳ್ಳಿ. 24ಕ್ಕೆ ನಾಲ್ಕು ಮೀಟರ್ ದೂರ, 35ಕ್ಕೆ ಹೆಚ್ಚುಕಡಿಮೆ ಆರು, 50ಕ್ಕೆ ಎಂಟು ಮೀಟರಿಗೂ ಮೇಲೆ, 85ಕ್ಕೆ ಹದಿನಾಲ್ಕು. ನಮ್ಮ ಅಂಗಳಗಳಲ್ಲಿ ಎಂಟು ಮೀಟರ್ ಹಿಂದೆ ಹೋಗುವ ಮೊದಲೇ ತುಳಸಿಕಟ್ಟೆ ಬೆನ್ನಿಗೆ ತಾಗುತ್ತದೆ. ಇನ್ನೂ ಹಿಂದೆ ಹೋದರೆ ತೋಟದ ಬರೆ, ಅಂದರೆ ಕಡಿದಾದ ಅಂಚು. ಅದಕ್ಕಿಂತ ಸಣ್ಣ ಸೆನ್ಸರಿನ, ಅಂದರೆ ಕ್ರಾಪ್ ಸೆನ್ಸರ್ ಕ್ಯಾಮೆರಾದವರು 36ರ ಬದಲು 23.5 ಹಾಕಿ ಭಾಗಿಸಬೇಕು. ಅವರ 35 ಮಿ.ಮೀ. ಲೆನ್ಸಿಗೆ ಅದೇ ಸಾಲು ಹಿಡಿಸಲು ಒಂಬತ್ತು ಮೀಟರ್ ಬೇಕು. 'ಮದುವೆಗೆ 50 ಸಾಕು' ಎಂದು ಕೇಳಿ ಕ್ರಾಪ್ ಕ್ಯಾಮೆರಾಕ್ಕೆ 50 ಒಂದನ್ನೇ ಕೊಂಡವರು ಗೋಡೆಗೆ ಒರಗಿ ನಿಂತು ಸಂಕಟಪಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಕೈಯಲ್ಲಿರುವುದು ಲೆಕ್ಕದಲ್ಲಿ 75.

ಹಾಗೆಂದು ಜಾಗವಿಲ್ಲದಾಗಲೆಲ್ಲ ಜೂಮನ್ನು 24ಕ್ಕೆ ತಿರುಗಿಸಿಬಿಡುವುದೂ ಬೇಡ. ಅಗಲದ ಲೆನ್ಸ್ ಚೌಕಟ್ಟಿನ ಅಂಚನ್ನು ಎಳೆಯುತ್ತದೆ. ಅಂಚಿನಲ್ಲಿ ನಿಂತವರು ಇದ್ದದ್ದಕ್ಕಿಂತ ಅಗಲ ಕಾಣುತ್ತಾರೆ, ಮತ್ತು ಅಂಚಿನಲ್ಲಿ ಯಾವಾಗಲೂ ಮದುಮಗನ ದೊಡ್ಡಮ್ಮನೇ ನಿಂತಿರುತ್ತಾರೆ. ಜನರನ್ನು ಎರಡು ಸಾಲು ಮಾಡಿ 35ರಲ್ಲಿ ತೆಗೆದರೆ ಎಲ್ಲರಿಗೂ ಸಮಾಧಾನ. ಮೂಗು ದೊಡ್ಡದಾಗುವುದು ಮಾತ್ರ ಬೇರೆ ಸಂಗತಿ. ಅದು ಲೆನ್ಸಿನ ದೋಷವಲ್ಲ, ನೀವು ತೀರಾ ಹತ್ತಿರ ನಿಂತದ್ದರ ಫಲ. ಮುಖದ ಆಕಾರವನ್ನು ಫೋಕಲ್ ಲೆಂಗ್ತ್ ಬದಲಿಸುವುದಿಲ್ಲ, ದೂರ ಬದಲಿಸುತ್ತದೆ. 85ರಲ್ಲಿ ಮುಖ ಚಂದ ಬರುವುದು ಅದು ನಿಮ್ಮನ್ನು ಎರಡು ಮೀಟರ್ ಹಿಂದೆ ನಿಲ್ಲಿಸುವುದರಿಂದ.

ಪ್ರೈಮ್‌ನ ಬಲೆ

ಎಫ್ 1.4 ಇದೆ ಎಂದು ಯಾವಾಗಲೂ ಎಫ್ 1.4ರಲ್ಲೇ ಹೊಡೆಯುವುದು ಹೊಸಬರ ರೋಗ. ನಾನೂ ಒಂದು ಸೀಸನ್ ಪೂರ್ತಿ ಅನುಭವಿಸಿದ್ದೇನೆ. 85 ಮಿ.ಮೀ. ಎಫ್ 1.4ರಲ್ಲಿ ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಪದರದ ದಪ್ಪ ಬರೀ ನಾಲ್ಕೂವರೆ ಸೆಂಟಿಮೀಟರ್. ಮದುಮಗಳ ಕಣ್ಣಿಗೆ ಫೋಕಸ್ ಆದರೆ ಕಿವಿಯ ಜುಮುಕಿ ಮಸುಕು, ಅರ್ಧ ಮೊಳ ಹಿಂದೆ ನಿಂತ ಮದುಮಗ ಯಾರೆಂದೇ ಗೊತ್ತಾಗುವುದಿಲ್ಲ. ಎಫ್ 2.8ಕ್ಕೆ ಬಂದರೆ ಆ ಪದರ ಒಂಬತ್ತು ಸೆಂಟಿಮೀಟರ್ ಆಗುತ್ತದೆ. ಅದೇ ಎರಡು ಮೀಟರ್‌ನಲ್ಲಿ 35 ಮಿ.ಮೀ. ಎಫ್ 1.4 ಸುಮಾರು 27 ಸೆಂಟಿಮೀಟರ್ ಕೊಡುತ್ತದೆ. ಮನೆಯೊಳಗಿನ ಕತ್ತಲಿಗೆ 85ಕ್ಕಿಂತ 35ನ್ನು ನಾನು ಹೆಚ್ಚು ನಂಬುವುದು ಇದಕ್ಕೆ. ಬೆಳಕನ್ನೂ ಕೊಡುತ್ತದೆ, ಗಂಡನನ್ನೂ ಉಳಿಸುತ್ತದೆ.

ಇಬ್ಬರೂ ಎದುರುಬದುರು ನಿಂತಾಗ ಸರಿಯಾಗಿ ಬದಿಯಿಂದ ತೆಗೆದರೆ ಎರಡು ಮುಖವೂ ನಿಮ್ಮಿಂದ ಒಂದೇ ದೂರದಲ್ಲಿರುತ್ತವೆ, ಆಗ ತೆಳು ಪದರವೂ ಸಾಕು. ಮಾಲೆ ಹಾಕುವಾಗ ನಾನು ಎರಡು ಹೆಜ್ಜೆ ಬದಿಗೆ ಸರಿಯುವುದನ್ನು ನೋಡಿ ವಿಡಿಯೋದವರು ಬೈದಿದ್ದಾರೆ. ಬೈಗುಳ ಆಲ್ಬಮ್ಮಿನಲ್ಲಿ ಬರುವುದಿಲ್ಲ.

ಹಾಲ್‌ನ ಎಲ್‌ಇಡಿ ದೀಪಗಳದ್ದು ಇನ್ನೊಂದು ಕಾಟ. ನಮ್ಮ ಕರೆಂಟ್ 50 ಹರ್ಟ್ಸ್. ಕಡಿಮೆ ಬೆಲೆಯ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಪ್ರೈಮ್‌ನಲ್ಲಿ ಬೆಳಕು ಹೆಚ್ಚು ಸಿಕ್ಕಿತೆಂದು ಶಟರನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಏರಿಸಿದರೆ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಬೀಳುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಇನ್ನೂ ಜೋರು. ನೂರನೇ ಒಂದು ಭಾಗ, ಐವತ್ತನೇ ಒಂದು ಭಾಗ ಇಟ್ಟರೆ ಪಟ್ಟಿ ಹೋಗುತ್ತದೆ. ಮಾಪಿಳ್ಳೆ ಮದುವೆಯ ಒಪ್ಪನ ಕುಣಿತದ ಕೈಚಪ್ಪಾಳೆಗೆ ಅಷ್ಟು ನಿಧಾನದ ಶಟರ್ ಆಗುವುದಿಲ್ಲ, ಅಲ್ಲಿ ಫ್ಲಾಶ್ ಹಾಕಿ ಸುಮ್ಮನಿರುವುದು ಒಳ್ಳೆಯದು.

ಲೆನ್ಸ್ ಬದಲಿಸುವಾಗ ಸೆನ್ಸರ್ ತೆರೆದಿರುತ್ತದೆ ಎಂಬುದನ್ನು ಹೋಮದ ಬದಿಯಲ್ಲಿ ಕೂತವರು ಮರೆಯುತ್ತಾರೆ. ಲಾಜಾಹೋಮದ ಹೊಗೆ, ಕುಂಕುಮ, ಬೇಕಲದ ಮರಳು, ಎಲ್ಲವೂ ಒಳಗೆ ಹೋಗಲು ಕಾದಿರುತ್ತವೆ. ಜೂಮ್‌ನವರಿಗೆ ಆ ಭಯ ಕಡಿಮೆ. ಆದರೆ ತಿರುಗಿಸುವಾಗ ಉದ್ದವಾಗುವ ಜೂಮ್‌ಗಳು ಗಾಳಿ ಎಳೆದುಕೊಳ್ಳುತ್ತವೆ, ಗಾಳಿಯ ಜತೆ ತೇವವೂ ಬರುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮದುವೆಗಳಿಲ್ಲದೆ ಬ್ಯಾಗ್ ಮೂಲೆ ಸೇರಿದರೆ ಮುಂದಿನ ಸೋಣ ತಿಂಗಳಲ್ಲಿ ತೆರೆಯುವಾಗ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿರುತ್ತದೆ. ಗಾಜು ಹೆಚ್ಚಿದ್ದಷ್ಟು ಬಿಚ್ಚಿ ತೊಳೆಯುವ ಖರ್ಚೂ ಹೆಚ್ಚು. ಸೇವಾಕೇಂದ್ರವೊಂದಕ್ಕೆ ನನ್ನ ಹಳೆಯ 70-200 ಕಳಿಸಿ, ಅದು ಹೋದದ್ದಕ್ಕಿಂತ ಕೆಟ್ಟದಾಗಿ ತಿರುಗಿ ಬಂದ ಕಥೆ ಬೇರೆ ಉಂಟು, ಬಿಡಿ. ಒಣ ಪೆಟ್ಟಿಗೆಯಲ್ಲಿ ತೇವಾಂಶ ಶೇ. 40ರಿಂದ 50ರ ನಡುವೆ ಇಟ್ಟರೆ ಸಾಕು. ಅಕ್ಕಿ ಡಬ್ಬಿಯಲ್ಲಿ ಹುಗಿದಿಡಬೇಡಿ, ಹುಡಿ ಒಳಸೇರುತ್ತದೆ.

ಇತ್ತೀಚೆಗೆ ಪ್ರೈಮ್-ಜೂಮ್ ನಡುವಿನ ಗೆರೆಯೇ ಮಸುಕಾಗುತ್ತಿದೆ. ಕ್ರಾಪ್ ಕ್ಯಾಮೆರಾದವರಿಗೆ ಸಿಗ್ಮಾ 2013ರಲ್ಲೇ 18-35 ಎಫ್ 1.8 ಜೂಮ್ ತಂದಿತು. ಕ್ಯಾನನ್ 2018ರಲ್ಲಿ 28-70 ಎಫ್ 2 ತಂದಾಗ ತೂಕ 1,430 ಗ್ರಾಂ ಇತ್ತು. ಸೋನಿ 2024ರಲ್ಲಿ ಅದೇ ಅಳತೆಯದ್ದನ್ನು 918 ಗ್ರಾಂಗೆ ಇಳಿಸಿತು. ಟ್ಯಾಮ್ರಾನ್‌ನ 35-150 ಎಫ್ 2-2.8 ಒಂದೇ ಲೆನ್ಸಿನಲ್ಲಿ ಮದುವೆ ಮುಗಿಸುವವರ ಮೆಚ್ಚಿನದು. ಹಣ ಇದ್ದರೆ ಸರಿ. ಎಫ್ 2ಕ್ಕೂ ಎಫ್ 1.4ಕ್ಕೂ ಇನ್ನೂ ಎರಡು ಪಟ್ಟಿನ ಅಂತರ ಉಂಟು, ಹಂಚಿನ ಚಾವಡಿಯಲ್ಲಿ ಅದು ಗೊತ್ತಾಗುತ್ತದೆ.

ಒಂದೇ ಬಾಡಿ, ಕೈಯಲ್ಲಿ ಸ್ವಲ್ಪವೇ ದುಡ್ಡು ಇರುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಮೊದಲು ಎಫ್ 2.8ರ ಒಂದು ಜೂಮ್, ಟ್ಯಾಮ್ರಾನ್ 28-75 ಥರದ್ದು ಆದೀತು, ಕ್ಯಾಮೆರಾ ಕಂಪನಿಯದ್ದೇ ಬೇಕೆಂಬ ಹಟ ಬೇಡ. ಹೊಟ್ಟೆಪಾಡು ಅದರಲ್ಲಿ ಹೋಗುತ್ತದೆ. ಅದರ ಜತೆಗೆ ಎಫ್ 1.8ರ ಒಂದು 35. ಕ್ರಾಪ್ ಕ್ಯಾಮೆರಾ ಆದರೆ 17-70 ಎಫ್ 2.8ರಂಥ ಜೂಮ್ ಮತ್ತು 23 ಅಥವಾ 24ರ ಒಂದು ಪ್ರೈಮ್. 85 ಮೂರನೆಯದು. 70-200 ವರ್ಷಕ್ಕೆ ನಾಲ್ಕು ಸಲ ಮಾತ್ರ ಬೇಕಾಗುವುದಾದರೆ ಮಂಗಳೂರಿನಿಂದ ಬಾಡಿಗೆಗೆ ತನ್ನಿ. ತಂದ ದಿನವೇ ಮನೆಯ ನಾಯಿಯ ಫೋಟೋ ಹತ್ತು ತೆಗೆದು ಫೋಕಸ್ ಸರಿ ಉಂಟೋ ನೋಡಿ, ಮಂಟಪದ ಎದುರು ನೋಡಬೇಡಿ.

ಮೊನ್ನೆ ಬದಿಯಡ್ಕದ ಆಚೆಯ ಒಂದು ಮನೆಯಿಂದ ಫೋನ್ ಬಂತು. ಮೇ ತಿಂಗಳ ಮದುವೆ, ಅಂಗಳದಲ್ಲೇ ಚಪ್ಪರ, ಹಗಲಿನ ಮುಹೂರ್ತ.

"ಅಂಗಳ ಎಷ್ಟು ಅಗಲ ಉಂಟು, ಮಾವ?" ಎಂದೆ.

"ಅಳೆದದ್ದಿಲ್ಲ ಮಾರಾಯ. ಒಂದು ಕೊಯ್ಲಿನ ಅಡಿಕೆ ಇಡೀ ಹರಡಿದರೂ ಬದಿಯಲ್ಲಿ ನಡೆಯಲು ದಾರಿ ಉಳಿಯುತ್ತದೆ."

"ತುಳಸಿಕಟ್ಟೆ ಬದಿಯಲ್ಲೋ?"

"ಅಲ್ಲ, ಸರೀ ನಡುವಿನಲ್ಲಿ."

50ನ್ನು ಬ್ಯಾಗಿನಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟೆ, ಅದರ ಜಾಗಕ್ಕೆ 24-70 ಹಾಕಿದೆ.